ಗಂಟೆಯವರ ಮೊಮ್ಮಗಳು

ನನ್ನ ಬಲಗೈ ಹೆಬ್ಬೆರಳಿಗೆ ಈಚೆಗೆ ಒಂದು ಚಾಳಿ ಅಂಟಿಕೊಂಡಿದೆ. ಯಾರಾದರೂ ಪ್ರಶ್ನೆ ಕೇಳಿದರೆ ಸಾಕು, ಎದುರಿಗೆ ಸಿಕ್ಕಿದ್ದನ್ನು ಅದು ಒತ್ತಿಬಿಡುತ್ತದೆ. ಮೊನ್ನೆ ಬ್ಯಾಂಕಿನಲ್ಲಿ ಕೌಂಟರಿನ ಹುಡುಗಿ, "ನಿಮ್ಮ ತಾಯಿ ಹೆಸರೇನು ಸಾರ್?" ಎಂದಳು. ನಾನು ಕೌಂಟರಿನ ಹಲಗೆಯನ್ನು ಗಟ್ಟಿಯಾಗಿ ಒಮ್ಮೆ ಒತ್ತಿ, ಆಮೇಲೆ ಹೆಸರು ಹೇಳಿದೆ. ಅವಳು ಹಲಗೆಯನ್ನೂ ನನ್ನನ್ನೂ ಸರದಿಯ ಮೇಲೆ ನೋಡಿದಳು. ಮನೆಯಲ್ಲಿ ಹೆಂಡತಿ "ಸಾರಿಗೆ ಉಪ್ಪು ಸರಿ ಇದೆಯಾ?" ಎಂದರೆ ತಟ್ಟೆಯ ಅಂಚು ಒತ್ತುತ್ತೇನೆ. "ರುಚಿ ನೋಡೋಕ್ಕಿಂತ ಮುಂಚೆನೇ ಒತ್ತೋದಲ್ಲ, ನಿಮ್ಮಪ್ಪ ನೋಡಿದ್ರೆ ಬೈತಾರೆ" ಎನ್ನುತ್ತಾಳೆ ಅವಳು. ಬೈಯುವುದು ನಿಜ. ಯಾಕೆ ಬೈಯುತ್ತಾರೆ ಎಂಬುದೇ ಈ ಕತೆ. ನಿಮಗೆ ಪುರುಸೊತ್ತಿದ್ದರೆ ಕೂತುಕೊಳ್ಳಿ.

ಈ ಚಾಳಿ ಅಂಟಿದ್ದು ಮೂರು ಭಾನುವಾರಗಳಲ್ಲಿ, ಟೀವಿಯ ಮುಂದೆ. ಒಂದು ಚಾನೆಲ್ಲಿನಲ್ಲಿ ಶಾಲಾ ಮಕ್ಕಳ ರಸಪ್ರಶ್ನೆ ಸ್ಪರ್ಧೆ ಬರುತ್ತಿತ್ತು. ಅದರಲ್ಲಿ ನನ್ನ ತಂಗಿ ಮಂಜುಳೆಯ ಮಗಳು ಲಾವಣ್ಯ ಇದ್ದಳು.

ನಾನು ಬಂಗಾರಪೇಟೆಯಲ್ಲಿ ತಾಲ್ಲೂಕು ಕಚೇರಿಯ ಎದುರು ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುವವನು. ಊರಿನವರ ಪರವಾಗಿ "ತಮ್ಮ ವಿಧೇಯ" ಎಂದು ಬರೆದು ಬರೆದು ಕೈ ಸವೆದಿದೆ. ಲಾವಣ್ಯ ಬಂಗಾರಪೇಟೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿ. ಬೆಳಿಗ್ಗೆ ಊರಿಗಾಂನಿಂದ ರೈಲಿನಲ್ಲಿ ಬರುತ್ತಾಳೆ. ಸಂಜೆ ವಾಪಸು ರೈಲಿನ ಹೊತ್ತಾಗುವವರೆಗೆ ನನ್ನ ಮೇಜಿನ ಪಕ್ಕದ ಬೆಂಚಿನ ಮೇಲೆ ಕೂತಿರುತ್ತಾಳೆ. ಅಲ್ಲಿ ಕೂತು ಅವಳು ಓದದೆ ಬಿಟ್ಟ ಕಾಗದವಿಲ್ಲ. ಹಳೇ ಪೇಪರು, ಕ್ಯಾಲೆಂಡರಿನ ಹಿಂಬದಿ, ಬೋಂಡಾ ಕಟ್ಟಿಕೊಟ್ಟ ಎಣ್ಣೆ ಹಾಳೆ, ಎಲ್ಲವನ್ನೂ ಬಿಡಿಸಿ ಓದುತ್ತಾಳೆ. ಒಮ್ಮೆ ನಾನು ಬರೆದ ಅರ್ಜಿಯನ್ನೇ ಓದಿ, "ಮಾಮ, ಈ ವಾಕ್ಯ ಎಲ್ಲಿ ಮುಗೀತದೆ?" ಎಂದು ಕೇಳಿದಳು. ಅದು ಎರಡನೇ ಪುಟದಲ್ಲಿ ಮುಗಿಯುತ್ತಿತ್ತು.

ತಾಲ್ಲೂಕಿನಲ್ಲಿ, ಜಿಲ್ಲೆಯಲ್ಲಿ ಬರವಣಿಗೆಯ ಪರೀಕ್ಷೆಗಳಾದವು. ಲಾವಣ್ಯ ಮತ್ತು ಬೂದಿಕೋಟೆಯಿಂದ ಬಸ್ಸಿನಲ್ಲಿ ಬರುವ ಅವಳ ಗೆಳತಿ ಪ್ರೇಮ, ಇಬ್ಬರ ಜೋಡಿ ಎರಡನ್ನೂ ದಾಟಿತು. ಇನ್ನು ಬೆಂಗಳೂರಿನ ಸ್ಟುಡಿಯೋ. ಅಲ್ಲಿ ಗುಂಡಿ ಒತ್ತಬೇಕು, ಗಂಟೆಯಾಗುತ್ತದೆ, ಮೊದಲು ಬಾರಿಸಿದವರು ಉತ್ತರ ಹೇಳಬೇಕು. ಉತ್ತರ ತಪ್ಪಾದರೆ ಅಂಕ ಕಳೆಯುತ್ತಾರೆ. ವಿಜ್ಞಾನ, ಲೆಕ್ಕ ಪ್ರೇಮಳಿಗೆ, ಮಿಕ್ಕಿದ್ದು ಲಾವಣ್ಯಳಿಗೆ ಎಂದು ಮೇಷ್ಟ್ರು ಹಂಚಿಕೊಟ್ಟರು. ಗುಂಡಿ ಯಾರ ಕೈಯಲ್ಲಿ ಎಂಬುದು ಮಾತ್ರ ತೀರ್ಮಾನವಾಗಲಿಲ್ಲ. ಅದನ್ನು ತೀರ್ಮಾನಿಸಿದವರು ನಮ್ಮಪ್ಪ.

"ಗಂಟೆ ಕೆಲ್ಸ ನಮ್ಮನೇದು. ನಮ್ ಮಗೀಗೇ ಇರ್ಲಿ" ಎಂದರು.

ಅಪ್ಪ ಊರಿಗಾಂನ ಚಿನ್ನದ ಗಣಿಯಲ್ಲಿ ಗಂಟೆ ಹೊಡೆಯುತ್ತಿದ್ದವರು. ಆಳುಗಳನ್ನು ಗಣಿಯೊಳಕ್ಕೆ ಇಳಿಸಿ ಮೇಲಕ್ಕೆ ಎಳೆದುಕೊಳ್ಳುವ ಕಬ್ಬಿಣದ ಪಂಜರವೊಂದು ಇರುತ್ತಿತ್ತು. ಕೇಜು ಎಂದೇ ಎಲ್ಲರ ಬಾಯಲ್ಲೂ ಅದರ ಹೆಸರು. ನೆಲದಡಿಯಲ್ಲಿ ಆ ಕೇಜು ಬಂದು ನಿಲ್ಲುವ ಕಡೆ ಅಪ್ಪನ ಡ್ಯೂಟಿ. ಆಳುಗಳೆಲ್ಲ ಹತ್ತಿದ ಮೇಲೆ ಯಾರ ಕೈಕಾಲೂ ಬುತ್ತಿ ಡಬ್ಬಿಯೂ ಹೊರಗೆ ಚಾಚಿಲ್ಲವೆಂದು ನೋಡಬೇಕು, ಬಾಗಿಲು ಹಾಕಬೇಕು, ಆಮೇಲೆ ಮೇಲಿನ ಎಂಜಿನ್ ಮನೆಗೆ ಗಂಟೆ ಕೊಡಬೇಕು. ಒಳಗೆ ಜನ ಇದ್ದಾರೆ ಎನ್ನುವುದಕ್ಕೆ ಇಷ್ಟು, ಎತ್ತು ಎನ್ನುವುದಕ್ಕೆ ಇಷ್ಟು ಎಂದು ಗಂಟೆಗಳ ಎಣಿಕೆ. ಎಂಜಿನ್ ಮನೆಯವನು ಅಷ್ಟೇ ಗಂಟೆಯನ್ನು ತಿರುಗಿ ಹೊಡೆದು ಒಪ್ಪಿಸುತ್ತಾನೆ. ಎರಡೂ ತಾಳೆಯಾದರೆ ಮಾತ್ರ ಕೇಜು ಅಲುಗುತ್ತದೆ. ಮೇಲಿನವನಿಗೆ ಕೆಳಗೆ ಏನಾಗುತ್ತಿದೆ ಎಂದು ಕಾಣುವುದಿಲ್ಲ. ಗಂಟೆಯನ್ನು ನಂಬಿಯೇ ಅವನು ಎಳೆಯಬೇಕು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಅಪ್ಪ ಅದರ ಬಾಲಕ್ಕೆ ಇನ್ನೊಂದು ಸೇರಿಸುತ್ತಿದ್ದರು: ಗಂಟೆ ಕೊಟ್ಟರೆ ಹೋಯಿತು.

ಗಣಿ ಮುಚ್ಚಿತು. ಗಾರೆ ಕೆಲಸದವನಿಗೆ, ಮರಗೆಲಸದವನಿಗೆ ಬೇರೆ ಕಡೆ ಏನಾದರೊಂದು ಸಿಕ್ಕಿತು. ಸರಿಯಾದ ಹೊತ್ತಿಗೆ ಗಂಟೆ ಹೊಡೆಯಲು ಬರುವವನನ್ನು ಯಾರು ಕರೆಯುತ್ತಾರೆ? ಅಪ್ಪ ಒಂದಷ್ಟು ವರ್ಷ ಬೇತಮಂಗಲದ ಕಡೆ ತೋಟಗಳಲ್ಲಿ ಕೂಲಿ ಮಾಡಿದರು. ಆಮೇಲೆ ಮಂಜುಳೆಯ ಮನೆಯಲ್ಲಿ ಸುಮ್ಮನೆ ಕೂತರು. ತನಗೆ ಗೊತ್ತಿರುವುದು ಯಾರಿಗೂ ಬೇಡವಾಯಿತು ಎಂಬ ಸಂಕಟವನ್ನು ಅವರು ಬಾಯಿಬಿಟ್ಟು ಹೇಳಿದವರಲ್ಲ. ಲಾವಣ್ಯಳ ಕೈಗೆ ಗುಂಡಿ ಬಂದ ದಿನ ಅವರು ಎದ್ದು ಕೂತ ರೀತಿ ನೋಡಿದಾಗಲೇ ಅದು ನನಗೆ ಅರ್ಥವಾಗಿದ್ದು. ಇಷ್ಟು ವರ್ಷ ಅರ್ಥವಾಗದೆ ಇದ್ದದ್ದಕ್ಕೆ ನಾಚಿಕೆಯೂ ಆಯಿತು.

ಅವತ್ತಿನಿಂದ ಮಂಜುಳೆಯ ಮನೆಯಲ್ಲಿ ದಿನಾ ತಾಲೀಮು. ಬೀಡಿ ಕಂಪನಿಯ ಹಳೇ ತಗಡಿನ ಡಬ್ಬಿಯೊಂದನ್ನು ಅಪ್ಪ ಬೋರಲು ಹಾಕಿ ಇಟ್ಟರು. ಅದೇ ಗುಂಡಿ. ಮಂಜುಳ ಈರುಳ್ಳಿ ಹೆಚ್ಚುತ್ತ ಪುಸ್ತಕ ನೋಡಿ ಪ್ರಶ್ನೆ ಓದುತ್ತಿದ್ದಳು. ಲಾವಣ್ಯ ಅರ್ಧಕ್ಕೇ ಡಬ್ಬಿ ಬಡಿದರೆ ಅಪ್ಪ ಅವಳ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದರು.

"ನಿಲ್ಲಮ್ಮಿ. ಪ್ರಶ್ನೆ ಪೂರ್ತಿ ಅತ್ಕೊಂತಾ? ಕಾಲು ಒರಗಡೆ ಐತಾ ಒಳಗಡೆ ಐತಾ ನೋಡ್ದಾ? ಬಾಗ್ಲಾಕ್ದಾ? ಈಗ ಕೊಡು ಗಂಟೆ."

"ತಾತ, ಅಷ್ಟೊತ್ತಿಗೆ ಬೇರೆಯೋರು ಕೊಟ್ಬಿಡ್ತಾರೆ."

"ಕೊಡ್ಲಿ. ಅವ್ರ ಕೇಜು ಅವ್ರಿಗೆ. ನೀನು ನಿನ್ ಕೇಜು ನೋಡ್ಕೊ."

ನನಗೆ ನನ್ನದೇ ರಸಪ್ರಶ್ನೆಯ ನೆನಪಾಗುತ್ತಿತ್ತು. ಆರನೇ ತರಗತಿಯಲ್ಲಿ ನಮಗೂ ಒಂದು ಸ್ಪರ್ಧೆ ಇಟ್ಟಿದ್ದರು. ಗಂಟೆಯೆಂದರೆ ಡ್ರಿಲ್ ಮೇಷ್ಟ್ರ ಸೈಕಲ್ಲಿನದು. ಸೈಕಲ್ಲನ್ನೇ ತಂದು ನಮ್ಮ ನಡುವೆ ನಿಲ್ಲಿಸಿದ್ದರು. ಅಪ್ಪನ ಮಗನಾಗಿಯೂ ನನಗೆ ತಾಳ್ಮೆಯ ಗಂಧವಿರಲಿಲ್ಲ. ಪ್ರಶ್ನೆ ಶುರುವಾಗುವ ಮುಂಚೆಯೇ ಟ್ರಿಣ್ ಎನ್ನಿಸುತ್ತಿದ್ದೆ. ಉತ್ತರ ಗೊತ್ತಿಲ್ಲದಾಗಲೆಲ್ಲ "ಹಿಮಾಲಯ" ಎನ್ನುತ್ತಿದ್ದೆ, ಯಾವತ್ತಾದರೂ ಒಮ್ಮೆ ಸರಿಯಾಗುತ್ತದೆ ಎಂಬ ಧೈರ್ಯ. "ನಮ್ಮ ದೇಹದ ಅತಿ ದೊಡ್ಡ ಅಂಗ ಯಾವುದು?" ಎಂಬುದಕ್ಕೂ ಹಿಮಾಲಯ ಎಂದ ಮೇಲೆ ಮೇಷ್ಟ್ರು ಸೈಕಲ್ ತೆಗೆದುಕೊಂಡು ಹೋದರು. ಮುಂದೆ ಎರಡು ವರ್ಷ ನನ್ನ ಹೆಸರು ಹಿಮಾಲಯ.

ಅಪ್ಪನಿಗೆ ಆ ತಾಳ್ಮೆ ಎಲ್ಲಿಂದ ಬಂತು ಎನ್ನುವುದು ಗಣಿ ಆಳುಗಳ ಸಾಲುಸಾಲು ಲೈನ್ ಮನೆಗಳಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ. ಒಂದೊಂದು ದಿನ ನೆಲದಡಿ ಬಂಡೆ ಸಿಡಿದು ಮನೆ ಗಡಗಡ ಅನ್ನುತ್ತಿತ್ತು. ಗೂಡಿನಲ್ಲಿದ್ದ ಲೋಟಗಳು ಒಂದಕ್ಕೊಂದು ತಾಗುತ್ತಿದ್ದವು. ಅಮ್ಮ ಒಲೆಯ ಮೇಲಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅಪ್ಪನದು ಇವತ್ತು ಯಾವ ಪಾಳಿ ಎಂದು ನನ್ನನ್ನು ಕೇಳುತ್ತಿದ್ದಳು. ಅವಳಿಗೆ ಗೊತ್ತಿಲ್ಲ ಎಂದಲ್ಲ. ಬೇರೆಯವರ ಬಾಯಲ್ಲಿ ಕೇಳಬೇಕು ಅನ್ನಿಸುತ್ತಿತ್ತು. ಆಮೇಲೆ ಲೈನಿನ ಹೆಂಗಸರೆಲ್ಲ ಬಾಗಿಲಲ್ಲಿ ನಿಂತು ಬೀದಿ ನೋಡುತ್ತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ಗಂಡಸರು ಒಬ್ಬೊಬ್ಬರಾಗಿ ಬರುವುದು ಕಂಡ ಮೇಲೆ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು.

ಇರಲಿ, ಎಲ್ಲಿಂದ ಎಲ್ಲಿಗೋ ಬಂದೆ. ಮಕ್ಕಳು ಮೇಷ್ಟ್ರ ಜೊತೆ ಬೆಂಗಳೂರಿಗೆ ಹೋಗಿ ಎರಡು ದಿನ ಇದ್ದು ಬಂದರು. ಮೊದಲ ಸುತ್ತುಗಳೆಲ್ಲವನ್ನೂ ಆ ಎರಡು ದಿನದಲ್ಲೇ ಕ್ಯಾಮೆರಾದಲ್ಲಿ ಹಿಡಿದುಕೊಂಡಿದ್ದರು. ಟೀವಿಯಲ್ಲಿ ಮಾತ್ರ ವಾರಕ್ಕೊಂದು ಸುತ್ತು. ಅದು ಬರುವವರೆಗೆ ಗೆಲುವು ಸೋಲು ಯಾರಿಗೂ ಹೇಳಬಾರದು, ಮನೆಯವರಿಗೂ ಹೇಳಬಾರದು ಎಂದು ಚಾನೆಲ್ಲಿನವರು ಮಾತು ತೆಗೆದುಕೊಂಡಿದ್ದರಂತೆ.

ನಾನು ನಂಬಲಿಲ್ಲ. ಒಂಬತ್ತನೇ ತರಗತಿಯ ಹುಡುಗಿಯ ಹೊಟ್ಟೆಯಲ್ಲಿ ಗುಟ್ಟು ಎಷ್ಟು ದಿನ ನಿಂತೀತು? ಸಂಜೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಪಾನಿಪುರಿ ಕೊಡಿಸಿದೆ. ನಮ್ಮೂರಿನ ಪಾನಿಪುರಿಯ ನೀರು ಬಣ್ಣವಿಲ್ಲದೆ ತಿಳಿಯಾಗಿರುತ್ತದೆ, ಖಾರ ಮಾತ್ರ ಕಣ್ಣಲ್ಲಿ ನೀರು ತರಿಸುತ್ತದೆ. ಎರಡನೇ ಪ್ಲೇಟಿಗೆ ಬಂದಾಗ ಮೆಲ್ಲಗೆ, "ಗೆದ್ರಾ?" ಎಂದೆ. ಅವಳು ಮೂಗು ಒರೆಸಿಕೊಂಡು, "ಮಾಮ, ಇನ್ನೊಂದ್ ಪ್ಲೇಟ್ ಏಳು" ಎಂದಳು. ಮೂರನೆಯದೂ ಖಾಲಿಯಾಯಿತು. "ಏನಾಯ್ತು?" ಎಂದೆ. "ಒಟ್ಟೆ ತುಂಬ್ತು" ಎಂದಳು.

ಮೊದಲನೇ ಭಾನುವಾರ ನಾನು ಬೆಳಿಗ್ಗೆಯೇ ಊರಿಗಾಂಗೆ ಹೋದೆ. ಅಪ್ಪ ಇಸ್ತ್ರಿ ಮಾಡಿದ ಬಿಳೀ ಶರ್ಟು ಹಾಕಿಕೊಂಡು, ತಲೆ ಬಾಚಿ, ಟೀವಿಯ ಎದುರು ಕುರ್ಚಿಯಲ್ಲಿ ಕೂತಿದ್ದರು. ನಾವು ಟೀವಿಯೊಳಗಿನವರನ್ನು ನೋಡುವುದೋ ಟೀವಿಯೊಳಗಿನವರು ನಮ್ಮನ್ನು ನೋಡುವುದೋ ಎಂಬುದರಲ್ಲಿ ಅವರಿಗೆ ಸ್ವಲ್ಪ ಅನುಮಾನವಿತ್ತು. ಪಕ್ಕದ ಮನೆಯ ಸೆಲ್ವಿಯಕ್ಕನೂ ಬಂದು ಬಾಗಿಲ ಹತ್ತಿರ ಚಾಪೆ ಹಾಸಿಕೊಂಡರು. ಅವರ ಗಂಡ ಅಪ್ಪನ ಗಣಿಯಲ್ಲೇ ಬಂಡೆ ಕೊರೆಯುತ್ತಿದ್ದವರು, ತೀರಿಕೊಂಡು ಕೆಲವು ವರ್ಷಗಳಾದವು. ಅಪ್ಪನಿಗೆ ಒಂದು ಕಿವಿ ಮಂದ. ಹಾಗಾಗಿ ಟೀವಿಯ ಸದ್ದು ಇಡೀ ಲೈನಿಗೆ ಕೇಳುವಷ್ಟಿತ್ತು.

ಆ ಸುತ್ತಿನಲ್ಲಿ ಗುಂಡಿಯ ಪ್ರಶ್ನೆಗಳು ಕಡಿಮೆ. ಸರದಿಯ ಮೇಲೆ ಕೇಳಿದ್ದಕ್ಕೆಲ್ಲ ಮಕ್ಕಳು ಚೆನ್ನಾಗಿ ಹೇಳಿ ದಾಟಿಕೊಂಡರು. ಲಾವಣ್ಯ ಎರಡು ಕಡೆ ಇದ್ದಳು, ಟೀವಿಯೊಳಗೆ ಹಣೆಗೆ ಪ್ಲಾಸ್ಟರು ಹಚ್ಚಿಕೊಂಡು, ತಾತನ ಪಕ್ಕದಲ್ಲಿ ನೆಲದ ಮೇಲೆ ಕಡಲೆಕಾಯಿ ಬಿಡಿಸಿಕೊಂಡು. ಸ್ಟುಡಿಯೋದ ಮೆಟ್ಟಿಲಲ್ಲಿ ಎಡವಿದ್ದಳಂತೆ. ಆ ಪ್ಲಾಸ್ಟರು ಎರಡನೇ ವಾರವೂ ಇತ್ತು, ಮೂರನೇ ವಾರವೂ ಇತ್ತು. ಸೆಲ್ವಿಯಕ್ಕ ಟೀವಿ ನೋಡಿ, ತಮ್ಮ ತಮಿಳು ಬೆರೆತ ಕನ್ನಡದಲ್ಲಿ, "ಐಯೋ ಕಡವುಳೇ, ಇನ್ನೂ ವಾಸಿ ಆಗ್ಲಿಲ್ವಾ ಕೊಳಂದೇಗೆ" ಎಂದು ಮಗುವಿಗಾಗಿ ಮರುಗುತ್ತ, ಪಕ್ಕದಲ್ಲೇ ಕೂತಿದ್ದ ಹುಡುಗಿಯ ನುಣ್ಣನೆ ಹಣೆ ಸವರುತ್ತಿದ್ದರು.

ಎರಡನೇ ಭಾನುವಾರ ಅಪ್ಪನ ಭಾನುವಾರ. ಅವತ್ತು ಬರೀ ಗುಂಡಿಯದೇ ಆಟ. ಬೇರೆ ಮಕ್ಕಳು ಪ್ರಶ್ನೆ ಬಾಯಿಂದ ಹೊರಬೀಳುವ ಮುಂಚೆಯೇ ಒತ್ತಿ, ತಪ್ಪು ಹೇಳಿ, ಅಂಕ ಕಳೆದುಕೊಳ್ಳುತ್ತಿದ್ದರು. "ಕರ್ನಾಟಕದ ರಾಜ್ಯಪಕ್ಷಿ" ಎಂದು ನಿರೂಪಕಿ ಶುರುಮಾಡಿದ್ದೇ ತಡ, ಒಬ್ಬ ಹುಡುಗ ಒತ್ತಿ "ನೀಲಕಂಠ" ಎಂದ. ನನ್ನ ಹೆಬ್ಬೆರಳೂ ಕುರ್ಚಿಯ ಕೈ ಒತ್ತಿತ್ತು. ನಿರೂಪಕಿ ನಕ್ಕು, ಪ್ರಶ್ನೆಯನ್ನು ಪೂರ್ತಿ ಓದಿದಳು: "ಕರ್ನಾಟಕದ ರಾಜ್ಯಪಕ್ಷಿ ನೀಲಕಂಠ. ಹಾಗಾದರೆ ರಾಜ್ಯಪ್ರಾಣಿ ಯಾವುದು?" ಲಾವಣ್ಯ ಒಂದು ಉಸಿರು ಎಳೆದುಕೊಂಡು, ಒತ್ತಿ, "ಆನೆ" ಎಂದಳು. ಅವಳು ಒತ್ತಿದ್ದು ನಾಲ್ಕೇ ಸಲ, ನಾಲ್ಕೂ ಸರಿ. ಮಿಕ್ಕವರೆಲ್ಲ ಒತ್ತಿ ಒತ್ತಿಯೇ ಹಿಂದೆ ಬಿದ್ದರು.

ಅಪ್ಪ ಅವತ್ತು ಊಟ ಮಾಡಿದ್ದೂ ನಿಂತುಕೊಂಡೇ. ಲೈನಿನ ಉದ್ದಕ್ಕೂ ಮನೆ ಮನೆಯ ಮುಂದೆ ನಿಂತು, "ನೋಡಿದ್ರಾ? ಬಾಗ್ಲಾಕಿ ಗಂಟೆ ಕೊಡ್ತು ನಮ್ ಮಗು. ಕೆಲ್ಸ ಅಂದ್ರೆ ಅದು" ಎಂದು ಹೇಳಿಕೊಂಡು ಬಂದರು. ನನ್ನನ್ನು ನೋಡಿ, "ಏನ್ಲಾ ಹಿಮಾಲಯ, ನಿಂಗೂ ಏಳ್ಕೊಟ್ಟಿದ್ನಲ್ಲ, ನೀನ್ಯಾಕ್ಲಾ ಕಲೀಲಿಲ್ಲ?" ಎಂದರು. ಐವತ್ತು ದಾಟಿದ ನಾನು ತಲೆ ತಗ್ಗಿಸಿದೆ. ಎಷ್ಟೋ ವರ್ಷದ ಮೇಲೆ ಅಪ್ಪ ಹಾಗೆ ಬೈದದ್ದು ಖುಷಿಯಾಯಿತು. ಲಾವಣ್ಯ ಮಾತ್ರ ಕಡಲೆಕಾಯಿ ಸಿಪ್ಪೆಯನ್ನು ಒಂದೊಂದಾಗಿ ಆರಿಸಿ ಪೇಪರಿಗೆ ಹಾಕುತ್ತಿದ್ದಳು. ಆಗ ನನಗೆ ಒಂಥರಾ ಅಳುಕಾಯಿತು. ಇವಳಿಗೆ ಮುಂದಿನದು ಗೊತ್ತಿದೆ, ಅಪ್ಪನಿಗೆ ಗೊತ್ತಿಲ್ಲ. ಈ ಹುಡುಗಿ ಮುಂದೆ ಸೋತಿದ್ದರೆ, ಅದೂ ಗುಂಡಿಯಲ್ಲೇ ಸೋತಿದ್ದರೆ, ಅಪ್ಪನ ಪಾಲಿಗೆ ಸೋಲುವುದು ಮೊಮ್ಮಗಳಲ್ಲ, ತಾನು ಆಯುಷ್ಯವೆಲ್ಲ ಮಾಡಿದ ಕೆಲಸ. ಆ ವಾರ ಅವಳಿಗೆ ನಾನು ಪಾನಿಪುರಿ ಕೊಡಿಸಿದೆ, ಏನೂ ಕೇಳಲಿಲ್ಲ.

ಮೂರನೇ ಭಾನುವಾರ. ಅದೇ ಬಿಳೀ ಶರ್ಟು. ಈ ಸಲ ಎದುರಾಳಿಗಳು ಗಟ್ಟಿಗರು. ಅದರಲ್ಲೂ ದಪ್ಪ ಕನ್ನಡಕದ ಒಬ್ಬ ಹುಡುಗ ಅರ್ಧ ಪ್ರಶ್ನೆಗೇ ಒತ್ತುತ್ತಿದ್ದ, ಹೇಳಿದ್ದು ಸರಿಯೂ ಆಗುತ್ತಿತ್ತು. ಲಾವಣ್ಯ ಪೂರ್ತಿ ಕೇಳಿಸಿಕೊಂಡು ಗುಂಡಿಯ ಮೇಲೆ ಬೆರಳಿಡುವಷ್ಟರಲ್ಲಿ ಅವನ ಗಂಟೆ ಆಗಿಹೋಗಿರುತ್ತಿತ್ತು. ಆದರೂ ಅವನು ಎರಡು ಕಡೆ ತಪ್ಪಿದ, ನಮ್ಮವರು ಒಂದೂ ತಪ್ಪಲಿಲ್ಲ. ಕೊನೆಯ ಪ್ರಶ್ನೆಗೆ ಬರುವ ಹೊತ್ತಿಗೆ ಎರಡೂ ತಂಡದ ಅಂಕ ಸಮ.

ನಿರೂಪಕಿ ಓದಿದಳು. "ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿ, ಬಂಗಾಳಕೊಲ್ಲಿಯನ್ನು ಸೇರುವ..."

ಕನ್ನಡಕದ ಹುಡುಗ ಒತ್ತಿದ. "ಪಾಲಾರ್" ಎಂದ.

"ಸರಿಯುತ್ತರ" ಎಂದಳು ನಿರೂಪಕಿ. ಆಮೇಲೆ ಪ್ರಶ್ನೆಯ ಮಿಕ್ಕ ಭಾಗವನ್ನೂ ಓದಿದಳು. "ಬೇತಮಂಗಲದ ಕೆರೆಯನ್ನು ತುಂಬಿಸುವ ನದಿ ಯಾವುದು?"

ಚಪ್ಪಾಳೆ ಕೇಳಿಸಿತು. ಟೀವಿಯೊಳಗಿನ ಲಾವಣ್ಯ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಹಾಗೇ ನಿಂತಿದ್ದಳು.

"ನಮ್ಮ ನಲ್ಲಿ ನೀರಲ್ವಾ ಅದು" ಎಂದರು ಸೆಲ್ವಿಯಕ್ಕ, ಯಾರಿಗೋ ಅನ್ನುವಂತೆ. ಮಂಜುಳ ಎದ್ದು ಟೀವಿಯ ಸದ್ದು ಕಡಿಮೆ ಮಾಡಿದಳು.

ಅಪ್ಪ ಟೀವಿಯನ್ನು ಬಿಟ್ಟು ಪಕ್ಕದಲ್ಲಿದ್ದವಳನ್ನು ನೋಡಿದರು. "ನಿಂಗೆ ಗೊತ್ತಿತ್ತಾ ಮಗಾ?"

"ಗೊತ್ತಿತ್ತು ತಾತ. ಪಾಲಾರು ಅಂತ ಬಾಯಿಗ್ ಬಂದಿತ್ತು."

"ಮತ್ಯಾಕಮ್ಮ ಒತ್ಲಿಲ್ಲ?"

"ಆ ಕಡೆ ಮೂರು ನದಿ ಉಟ್ತವೆ ತಾತ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರು. ಮೂರೂ ಅದೇ ಸಮುದ್ರಕ್ಕೇ ಓಗ್ತವೆ. ಯಾವ್ದು ಅಂತ ಅವ್ರಿನ್ನೂ ಏಳಿರ್ಲಿಲ್ಲ."

ಅಪ್ಪ ತಮ್ಮ ಕೈಗಳನ್ನು ನೋಡಿಕೊಂಡರು. "ನಾನೇ ಕೆಡ್ಸ್‌ಬಿಟ್ಟೆ ಈ ಮಗೀನ" ಎಂದರು. "ಮುಚ್ಚೋಗಿರೋ ಕೆಲ್ಸಾನ ತಂದು ಇದ್ರ ಕೈಗ್ ಕಟ್ಟಿದೆ. ಕಾಲ ನೋಡ್ಕೊಂಡು, ಬಿರ್ನೆ ಕೊಡಮ್ಮ ಗಂಟೆ ಅಂತ ಏಳ್ಬೇಕಾಗಿತ್ತು."

ಊರಿನವರಿಗೆಲ್ಲ ಅರ್ಜಿ ಬರೆಯುವ ನಾನು ಕುರ್ಚಿಯ ಕೈ ಒತ್ತಿದೆ. ಮಂಜುಳ ಮಗಳ ಕಡೆ ತಿರುಗಿದಳು. "ಅವತ್ತಿಂದ ಗೊತ್ತಿದ್ದೂ ಒಬ್ಳೇ ಎಂಗೇ ಇಟ್ಕೊಂಡಿದ್ದೆ?"

"ಏಳ್ಬಾರ್ದು ಅಂದಿದ್ರು" ಎಂದಳು ಲಾವಣ್ಯ. ಆಮೇಲೆ, "ಏಳ್ಬೋದು ಅಂದಿದ್ರೂ ಏಳ್ತಿರ್ಲಿಲ್ಲ. ತಾತ ಶರ್ಟ್ ಆಕ್ಕೊಂಡು ಕೂತ್ಕೊಂತಿತ್ತಲ್ಲ" ಎಂದಳು.

ಅಪ್ಪ ತಲೆ ಎತ್ತಲಿಲ್ಲ. "ಬಿರ್ನೆ ಕೊಡು ಅಂತ ಏಳ್ಬೇಕಾಗಿತ್ತು" ಎಂದು ಇನ್ನೊಮ್ಮೆ ಅಂದರು.

ಲಾವಣ್ಯಳಿಗೆ ಆಗ ಸಿಟ್ಟು ಬಂತು. ಮೂರು ವಾರದಲ್ಲಿ ಅವಳು ದನಿ ಏರಿಸಿದ್ದು ಅದೊಂದೇ ಸಲ. "ನೀನು ಬಿರ್ನೆ ಕೊಡೋನಾಗಿದ್ರೆ ನಿನ್ ಕೇಜಿಗೆ ಯಾರು ಬತ್ತಿದ್ರು ತಾತ?"

ಅದಕ್ಕೆ ಉತ್ತರ ಹೇಳಿದವರು ಬಾಗಿಲ ಹತ್ತಿರ ಕೂತಿದ್ದ ಸೆಲ್ವಿಯಕ್ಕ.

"ನಮ್ಮನೆಯವ್ರು ನಿಮ್ಮ ಕೇಜಿಗೇ ಕಾದ್ಕೊಂಡು ಇರೋರು ಅಣ್ಣ" ಎಂದರು. "ಬೇಗ ಓಗೋದು ಇನ್ನೊಂದಿದ್ರೂ ಅತ್ತಲ್ಲ, ಅಣ್ಣ ಇರೋ ಕಡೆನೇ ಬತ್ತೀನಿ ಅನ್ನೋರು. ಎಷ್ಟೋ ದಿನ ಲೇಟು, ಮಾಡಿಟ್ಟ ಸಾಪಾಡು ತಣ್ಣಗೆ ಆರೋಗಿರೋದು, ನಾನು ಜಗಳ ಆಡ್ತಿದ್ದೆ. ಆದ್ರೆ ದಿನಾ ಮನೆಗ್ ಬಂದ್ರಲ್ಲಣ್ಣ. ಒಂದ್ ದಿನ ಬಿಡ್ದಂಗೆ ಬಂದ್ರು."

ಅಪ್ಪ ಶರ್ಟಿನ ತೋಳಿನಿಂದ ಕಣ್ಣೊರೆಸಿಕೊಂಡು, ಲಾವಣ್ಯಳ ಬಲಗೈಯನ್ನು ಎಳೆದು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

"ಸದ್ದು ಜಾಸ್ತಿ ಮಾಡಮ್ಮಿ ಮಂಜುಳ" ಎಂದರು. "ಆ ಕನ್ನಡಕದ ಉಡುಗ ಏನಂತಾನೋ ಕೇಳಾಣ."